ಕಾಗೆ ಮಾವ, ಹೆಗ್ಗಣ ಸೊಸೆ

ಅತ್ತೆ-ಸೊಸೆ ಜಗಳ ನೋಡೋಣವೆಂದು ನಮ್ಮ ಮನೆಗೆ ಬಂದವರಿಗೆಲ್ಲ ನಿರಾಸೆಯೇ ಗತಿ. ನಮ್ಮಲ್ಲಿ ಜಗಳವೇನಿದ್ದರೂ ಮಾವನಿಗೂ ಸೊಸೆಗೂ. ಅತ್ತೆಯಾದ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದೆದುರು ಕುಳಿತು, ಲಾರಿಗಳ ಟಾರ್ಪಾಲಿಗೆ ಅಂಚು ಹೊಲಿಯುತ್ತಾ, ಇಬ್ಬರ ಮಾತನ್ನೂ ಕಿವಿ ತುಂಬಾ ಕೇಳುತ್ತೇನೆ. ಜಗಳ ತಣ್ಣಗಾಗುತ್ತಿದೆ ಅನ್ನಿಸಿದರೆ ನಡುವೆ ಒಂದು ಮಾತು ಎಸೆದು ಬಿಸಿ ಮಾಡುವುದೂ ಉಂಟು. ಸುಳ್ಳೇಕೆ ಹೇಳಲಿ?

ನನ್ನ ಗಂಡ ಲೈನ್‌ಮನ್. ನಮ್ಮ ಬೀದಿಯ ಕರೆಂಟು ಕಂಬಗಳನ್ನು ನೆಟ್ಟ ಗುಂಪಿನಲ್ಲಿ ಅವರೂ ಇದ್ದರು. ಆಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಮೀಸೆ ನರೆತಿದೆ, ಕಂಬಗಳೂ ಸ್ವಲ್ಪ ವಾಲಿವೆ, ಆದರೆ ಇಬ್ಬರಿಗೂ ಜಂಬ ಇಳಿದಿಲ್ಲ. ಸೊಸೆಯೂ ಅದೇ ವಿದ್ಯುತ್ ಇಲಾಖೆಯವಳು, ಆದರೆ ಅವಳದು ನೆಲದಡಿಯ ಕೆಲಸ. ಕಾಲುವೆ ತೋಡಿ, ಅದರಲ್ಲಿ ತೋಳಿನಷ್ಟು ದಪ್ಪದ ಕೇಬಲ್ ಮಲಗಿಸಿ, ಒಂದರ ತುದಿಗೆ ಇನ್ನೊಂದರ ತುದಿ ಸೇರಿಸುವ ಜೋಡಣೆಗಾರ್ತಿ. ಒಂದೇ ಇಲಾಖೆ, ಒಂದೇ ಸಂಬಳದ ದಿನ, ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿತ್ತು ಇವರ ಕತೆ. ಯಾರು ಎತ್ತು, ಯಾರು ಕೋಣ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಅದೇ ಮನೆಯಲ್ಲಿ ಬಾಳಬೇಕು.

ಅವರು ಅವಳನ್ನು ಕರೆಯುವುದು ಹೆಗ್ಗಣ ಎಂದು. ಅವಳು ಅವರನ್ನು ಕರೆಯುವುದು ಕಾಗೆ ಮಾವ ಎಂದು. ಮೊದಲ ಸಲ ಕೇಳಿದಾಗ ನನ್ನ ಮಗ ಎದೆ ಹಿಡಿದುಕೊಂಡ. ಪಾಪ, ಅವನದು ಕನ್ನಡಕದ ಅಂಗಡಿ. ಅಪ್ಪನಿಗೆ ಕಂಬ, ಹೆಂಡತಿಗೆ ಗುಂಡಿ, ಇವನಿಗೆ ಸಮತಟ್ಟಾದ ನೆಲ. ಕುರ್ಚಿ ಹತ್ತಿ ಬಲ್ಬು ಬದಲಾಯಿಸು ಅಂದರೂ ತಲೆ ಸುತ್ತುತ್ತದೆ ಅನ್ನುವ ಜೀವ. ಸಣ್ಣ ಕೆಲಸಕ್ಕೆ ಕಣ್ಣು ಸೋಲುತ್ತಿದೆ ಎಂದು ಅವಳು ಅಂಗಡಿಗೆ ಬಂದಿದ್ದಳಂತೆ. ಇವನು ಅಳತೆ ತೆಗೆದ, ಮತ್ತೆ ಬರಹೇಳಿದ, ಮತ್ತೆ ಅಳತೆ ತೆಗೆದ. ಅಷ್ಟು ಸಲ ಅಳತೆ ತೆಗೆಸಿಕೊಂಡವಳು ಮದುವೆಯಾಗದೆ ಇನ್ನೇನು ಮಾಡಿಯಾಳು?

ಮಾವ-ಸೊಸೆ ಇಬ್ಬರಿಗೂ ಒಂದೊಂದು ಕೆಲಸದ ಚಾಳಿ ಇತ್ತು. ಇವರು ದಾರಿಯಲ್ಲಿ ನಡೆಯುವುದು ತಲೆಯೆತ್ತಿಕೊಂಡು. ತಂತಿ ಎಲ್ಲಿ ಜೋತಿದೆ, ಎಲ್ಲಿ ಗಾಳಿಪಟ ಸಿಕ್ಕಿದೆ, ಯಾವ ಕೊಂಬೆ ತಂತಿಗೆ ತಾಗುತ್ತಿದೆ ಎಂದು ಕಣ್ಣು ಸದಾ ಮೇಲೆ. ಅವಳು ನಡೆಯುವುದು ನೆಲ ನೋಡಿಕೊಂಡು. ಮಣ್ಣು ಎಲ್ಲಿ ಕುಸಿದಿದೆ, ಕಲ್ಲು ಯಾರು ಕಿತ್ತಿದ್ದಾರೆ, ನೀರು ಎಲ್ಲಿ ಇಂಗುತ್ತಿದೆ ಎಂದು ಕಣ್ಣು ಸದಾ ಕೆಳಗೆ. ಹೀಗಾಗಿ ಇವರಿಬ್ಬರೂ ಎದುರೆದುರು ಬಂದರೂ ಮುಖ ನೋಡುವುದು ಅಪರೂಪ. ಬಟ್ಟೆ ಒಣಹಾಕುವ ಹಗ್ಗಕ್ಕೆ ಅವಳ ಹಣೆ ತಾಗದ ವಾರವಿಲ್ಲ, ಹೊಸ್ತಿಲಿಗೆ ಇವರ ಕಾಲ್ಬೆರಳು ತಾಗದ ದಿನವಿಲ್ಲ. ಇಬ್ಬರಿಗೂ ಮುಲಾಮು ಹಚ್ಚುವವಳು ನಾನು.

ಇಂಥ ಮನೆಗೆ ಒಂದು ದಿನ ಸುದ್ದಿ ಬಂತು: ನಮ್ಮ ಬೀದಿಯ ತಂತಿಗಳನ್ನೆಲ್ಲ ನೆಲದಡಿಗೆ ಇಳಿಸುತ್ತಾರಂತೆ, ಕಂಬಗಳನ್ನು ಕೀಳುತ್ತಾರಂತೆ. ಕೆಲಸ ಸೊಸೆಯ ತಂಡಕ್ಕೇ ಬಂದಿದೆಯಂತೆ.

ಆ ದಿನದ ಊಟದ ಮೇಜು ಯುದ್ಧಭೂಮಿಯಾಯಿತು. ಇವರು ಉಪ್ಪಿನ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ದೂರ ದೂರ ನಿಲ್ಲಿಸಿ, ನನ್ನ ಒಳ್ಳೆಯ ನೈಲಾನ್ ದಾರ ತಂದು ಎರಡಕ್ಕೂ ಕಟ್ಟಿದರು.

"ನೋಡಮ್ಮ ಹೆಗ್ಗಣ. ಇದು ಕಂಬ, ಇದು ತಂತಿ. ತುಂಡಾದ್ರೆ ಕಣ್ಣಿಗೆ ಕಾಣುತ್ತೆ. ಏಣಿ ಹಾಕಿದೆ, ಹತ್ತಿದೆ, ಕಟ್ಟಿದೆ, ಇಳಿದೆ. ಚಹಾ ಆರೋದ್ರೊಳಗೆ ಕರೆಂಟು. ನಿಂದು?"

ಅವಳು ಇನ್ನೊಂದು ದಾರವನ್ನು ಮೇಜುಹಾಸಿನ ಅಡಿಗೆ ತೂರಿಸಿದಳು. "ನಂದು ಇಲ್ಲಿದೆ ಮಾವ."

"ಎಲ್ಲಿ? ಕಾಣ್ತಾನೇ ಇಲ್ವಲ್ಲ! ಒಳಗೆ ತುಂಡಾಗಿದೆ ಅಂದ್ಕೋ. ಎಲ್ಲಿ ಅಂತ ಹುಡುಕ್ತೀಯ? ಊರೆಲ್ಲಾ ಅಗೀತೀಯಾ?"

"ತುಂಡಾದ್ರೆ ತಾನೇ ಹುಡುಕೋದು," ಎಂದು ಅವಳು ಮೇಜಿನ ಕೆಳಗಿನಿಂದ ಮೊಣಕಾಲಿನಲ್ಲಿ ಒಂದು ಗುದ್ದು ಗುದ್ದಿದಳು. "ಬಿರುಗಾಳಿ ಬಂತು ಮಾವ."

ಉಪ್ಪಿನ ಡಬ್ಬಿ ಮಗುಚಿತು, ಅದು ಎಳೆದುಕೊಂಡದ್ದಕ್ಕೆ ಸಕ್ಕರೆಯೂ ಮಗುಚಿತು, ಎರಡೂ ಮೇಜಿನ ಮೇಲೆ ಬೆರೆತು ಕುಳಿತವು. ಮೇಜುಹಾಸಿನ ಅಡಿಯ ದಾರ ಇದ್ದಲ್ಲೇ ಇತ್ತು.

"ಅಯ್ಯೋ ನಿಮ್ಮ ಕಂಬಕ್ಕಿಷ್ಟು ಬೆಂಕಿ ಹಾಕ, ನಿನ್ನ ಗುಂಡಿಗಿಷ್ಟು ಮಣ್ಣು ಹಾಕ!" ಎಂದೆ ನಾನು. "ಯಾರು ಬೇರೆ ಮಾಡೋದು ಇದನ್ನ? ನಾಳೆ ಚಹಾಕ್ಕೆ ಇದನ್ನೇ ಹಾಕ್ತೀನಿ, ಇಬ್ರೂ ಕುಡೀರಿ!"

ಮಾತಿಗೆ ತಪ್ಪುವವಳಲ್ಲ ನಾನು, ಹಾಕಿಯೇ ಹಾಕಿದೆ. ಇಬ್ಬರೂ ತುಟಿ ಪಿಟಕ್ಕೆನ್ನದೆ ಕುಡಿದರು. ಲೋಟ ಕೆಳಗಿಡುವಾಗ ಇವರಿಗೆ ಏನೋ ಹೊಳೆದು ಮುಖ ಅರಳಿತು.

"ಅದ್ಸರಿ, ಬೀದಿ ದೀಪಾನ ಏನ್ಮಾಡ್ತೀಯ? ಅದನ್ನೂ ಹೂಳ್ತೀಯಾ?"

ಅದಕ್ಕೆ ಮಾತ್ರ ಅವಳಿಗೆ ತಕ್ಷಣ ಉತ್ತರ ಬರಲಿಲ್ಲ. ಇವರು ಆ ವಾರವೆಲ್ಲ ಸಿಳ್ಳೆ ಹಾಕಿಕೊಂಡು ಓಡಾಡಿದರು.

ಸುಮ್ಮನಿರುವ ಪೈಕಿಯೇ ಇವರು? ಕಂಬ ಕೀಳಬಾರದು ಎಂದು ಮನೆಮನೆಗೆ ಹೋಗಿ ಹೇಳಿ ಬಂದರು. ಬೆನ್ನಿಗೇ ಅವಳು ಹೋಗಿ ಕೇಬಲ್ಲಿನ ಗುಣಗಾನ ಮಾಡಿ ಬಂದಳು. ಬೀದಿಯವರು ಜಾಣರು, ಇಬ್ಬರಿಗೂ ಹೂಂ ಅಂದರು. ಎದುರು ಮನೆಯ ಮೇಷ್ಟ್ರಂತೂ, ಬೆಳಿಗ್ಗೆ ಇವರ ಕೈ ಕುಲುಕಿ "ಕಂಬ ಇಲ್ಲದ ಬೀದಿ ಒಂದು ಬೀದಿಯೇ?" ಅಂದವರು, ಸಂಜೆ ಅವಳಿಗೆ "ತಂತಿ ಇಲ್ಲದ ಆಕಾಶ ನೋಡಿ ಸಾಯಬೇಕು ಅಂತ ಆಸೆ ಕಣಮ್ಮ" ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಲಾಖೆ ಯಾರನ್ನೂ ಕೇಳಲಿಲ್ಲ. ಅಗೆಯುವವರು ಬಂದೇ ಬಿಟ್ಟರು.

ಈ ತಮಾಷೆಯ ಅಡಿಯಲ್ಲಿ ಒಂದು ಸಂಕಟ ಇತ್ತು. ಅದು ಇವರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಅಗೆತ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಸೊಸೆ ನನ್ನ ಜೊತೆ ದೊಡ್ಡ ಟಾರ್ಪಾಲೊಂದನ್ನು ಮಡಚುತ್ತಿದ್ದಳು. ಒಂದು ತುದಿ ನಾನು, ಒಂದು ತುದಿ ಅವಳು. ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗ ಹೇಳಿದಳು.

"ಅತ್ತೆ, ಈ ಸಲ ಮುಖ್ಯ ಜೋಡಣೆ ನನ್ನ ಕೈಗೇ ಕೊಟ್ಟಿದಾರೆ. ಪರೀಕ್ಷಕರು ಬಂದು ನಿಂತು ನೋಡ್ತಾರೆ. ಮಾರನೇ ದಿನ ಯಂತ್ರ ತಂದು ಪರೀಕ್ಷೆ ಮಾಡ್ತಾರೆ."

"ಒಳ್ಳೇದಾಯ್ತಲ್ಲ!"

"ಪಾಸಾದ್ರೆ ಈ ಊರಿನ ತಂಡಕ್ಕೆ ನಾನೇ ಮುಖ್ಯಸ್ಥೆ. ಫೇಲಾದ್ರೆ..." ಅವಳು ಟಾರ್ಪಾಲಿನ ಮಡಿಕೆಯನ್ನು ಸುಮ್ಮನೆ ಸವರಿದಳು. "ಸಹಾಯಕರ ಜಾಗ ಇಲ್ಲಿ ಖಾಲಿ ಇಲ್ವಂತೆ. ದೊಡ್ಡ ಗೋದಾಮಿಗೆ ಕಳಿಸ್ತಾರೆ. ರೈಲಲ್ಲಿ ಒಂದು ಹಗಲು, ಒಂದು ರಾತ್ರಿ."

"ಅವನು?"

"ಅವರೂ ಬರ್ತಾರಂತೆ. ಕಣ್ಣು ಎಲ್ಲಾ ಊರಲ್ಲೂ ಹಾಳಾಗುತ್ತೆ ಅಂದ್ರು."

ನನಗೆ ಕೈ ಆಡಲಿಲ್ಲ. ಮಗ ಹೋದರೆ ಬೇಜಾರು, ನಿಜ. ಆದರೆ ಅವನು ಇದ್ದಾಗಲೂ ಮಾತಾಡುವುದು ಅಷ್ಟಕ್ಕಷ್ಟೆ. ಇವಳು ಬಂದ ಮೇಲೆ ತಾನೇ ಈ ಮನೆಯಲ್ಲಿ ನಗು ಕೇಳಿದ್ದು? ಇಷ್ಟು ವರ್ಷ ಟಾರ್ಪಾಲು ಹೊಲಿದಿದ್ದೇನೆ. ಈ ಹೊಲಿಗೆಯಲ್ಲಿ ನೀರು ಯಾಕೆ ಇಳಿಯುವುದಿಲ್ಲ ಎಂದು ನನ್ನನ್ನು ಕೇಳಿದವಳು ಅವಳೇ ಮೊದಲು. ನಾನು ತೋರಿಸಿದೆ: ಎರಡು ಅಂಚನ್ನು ಒಂದರೊಳಗೊಂದು ಮಡಚಿ ಜೋಡಿ ಹೊಲಿಗೆ. ಅವಳು ಕಣ್ಣರಳಿಸಿ "ನಮ್ಮ ಜೋಡಣೇನೂ ಹೀಗೇ ಅತ್ತೆ" ಎಂದು ಒಂದು ತುಂಡು ಕೇಬಲ್ ತಂದು ಊಟದ ಮೇಜಿನ ಮೇಲೆ ಬಿಚ್ಚಿ ತೋರಿಸಿದಳು. ಕಪ್ಪು ಸಿಪ್ಪೆ, ಉಕ್ಕಿನ ಪಟ್ಟಿ, ತಾಮ್ರದ ಹಾಳೆ, ಬಿಳಿ ತಿರುಳು, ಅದರೊಳಗೆ ಲೋಹದ ತಂತಿ. ತಂತಿಗೆ ತಂತಿ ಒತ್ತಿ ಸೇರಿಸುವ ಮೊದಲು ರಬ್ಬರಿನಂಥ ಕೊಳವೆಗಳನ್ನು ಒಂದು ಕಡೆ ತೊಡಿಸಿಟ್ಟುಕೊಳ್ಳಬೇಕಂತೆ. ಮರೆತರೆ ಆಮೇಲೆ ತೊಡಿಸಲು ದಾರಿಯೇ ಇಲ್ಲ, ಎಲ್ಲ ಕತ್ತರಿಸಿ ಮೊದಲಿನಿಂದ ಶುರು. ಒಮ್ಮೆ ಅಭ್ಯಾಸದಲ್ಲಿ ಮರೆತು ಅತ್ತಿದ್ದಳು. "ಎರಡೂ ತುದಿ ಹೊಲಿದ ಮೇಲೆ ಪೈಜಾಮಕ್ಕೆ ಲಾಡಿ ಹಾಕಕ್ಕೆ ಹೋದವಳು ನಾನು, ನಿಂದೇನು ಮಹಾ?" ಎಂದು ನಾನು ಸಮಾಧಾನ ಮಾಡಿದ್ದೆ. ಇಂಥವಳನ್ನು ನಾನು ರೈಲು ಹತ್ತಿಸಲೇ? ಆಗದ ಮಾತು. ನನಗೆ ಅವಳು ಬೇಕು, ಇದೇ ಮನೆಯಲ್ಲಿ ಬೇಕು.

"ಮಾವಂಗೆ ಹೇಳ್ಬೇಡಿ ಅತ್ತೆ," ಅಂದಳು. "ಪಾಪ ಅಂತ ಜಗಳ ಬಿಟ್ಬಿಡ್ತಾರೆ. ಅದು ನಂಗೆ ಬೇಡ."

ಹೇಳಲಿಲ್ಲ. ಹೊಟ್ಟೆ ಉಬ್ಬಿದರೂ ಬಾಯಿ ಬಿಡಲಿಲ್ಲ. ನನ್ನನ್ನು ಬಲ್ಲವರಿಗೆ ಇದು ಎಂಥ ಸಾಧನೆ ಎಂದು ಗೊತ್ತು.

ಕಾಲುವೆ ನಮ್ಮ ಮನೆ ಮುಂದಕ್ಕೆ ಬಂದ ದಿನ ಇವರು ಎಂದಿನಂತೆ ಕೆಲಸಕ್ಕೆ ಹೊರಟರು. ಗೇಟು ತೆರೆದರು, ಕಂಬದ ತುದಿ ನೋಡಿದರು, ಅಲ್ಲಿ ಕುಳಿತಿದ್ದ ಕಾಗೆಗೆ "ಹುಷಾರು ಕಣೋ, ನಿನ್ನ ಮನೇನೂ ಕೀಳ್ತಾರೆ" ಅಂದರು, ಒಂದು ಹೆಜ್ಜೆ ಇಟ್ಟರು. ಆಮೇಲೆ ಅವರು ಕಾಣಲಿಲ್ಲ.

ಕಾಲುವೆಯಲ್ಲಿ ಬಿದ್ದಿದ್ದರು. ಊರಿಗೆಲ್ಲ ಗೊತ್ತಿದ್ದ ಕಾಲುವೆ, ಹಿಂದಿನ ದಿನವೆಲ್ಲ ಅವರೇ ಬೈದಿದ್ದ ಕಾಲುವೆ, ಪಕ್ಕದಲ್ಲಿ ಕೆಂಪು ಬಾವುಟ ಬೇರೆ. ನೆಲ ನೋಡಿದ್ದರೆ ತಾನೇ! ಮೇಲಕ್ಕೆತ್ತಿದವಳು ಸೊಸೆಯೇ. ಅವಳು ನಗಲಿಲ್ಲ. ತುಟಿ ಕಚ್ಚಿ, ಕಣ್ಣು ದೊಡ್ಡದು ಮಾಡಿ, ಮುಖವೆಲ್ಲ ಕೆಂಪಗಾದರೂ ನಗಲಿಲ್ಲ.

"ಬಿದ್ದಿದ್ದಲ್ಲ," ಅಂದರು ಇವರು, ಮೀಸೆಯ ಮಣ್ಣು ಒರೆಸಿಕೊಳ್ಳುತ್ತಾ. "ಆಳ ಸರಿಯಾಗಿದೆಯಾ ಅಂತ ನೋಡ್ದೆ."

"ಸರಿಯಾಗಿದೆಯಾ ಮಾವ?"

"ಪರವಾಗಿಲ್ಲ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇವರದು ಮೀಸೆಯೂ ಮಣ್ಣಾಗಿತ್ತು, ಕಾಲಿನ ಗಂಟೂ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಜಗುಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತರು. "ನಕ್ಕಿದ್ರೆ ಕ್ಷಮಿಸ್ತಿದ್ದೆ. ನಗ್ಲಿಲ್ಲ ನೋಡು, ಅದು ಅಹಂಕಾರ," ಎಂದು ನನ್ನ ಮುಂದೆ ಗೊಣಗಿದರು. ಅವಳು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಉರುಳಾಡಿ ನಕ್ಕದ್ದನ್ನು ನಾನು ಅವರಿಗೆ ಹೇಳಲಿಲ್ಲ. ಸೆರಗು ನನ್ನದೇ.

ಜೋಡಣೆಯ ದಿನ ಬಂತು. ಅದಕ್ಕೆಂದು ಕಾಲುವೆಯನ್ನು ನಮ್ಮ ಮನೆ ಮುಂದೆಯೇ ಅಗಲ ಮಾಡಿ, ಒಂದು ಸಣ್ಣ ಕೋಣೆಯಷ್ಟು ಗುಂಡಿ ತೋಡಿದ್ದರು. ಮೇಲೆ ಇಲಾಖೆಯ ಹಳದಿ ಗುಡಾರ. ಒಳಗೆ ಸೊಸೆ ಮಂಡಿಯೂರಿ ಕುಳಿತಿದ್ದಳು. ಒಬ್ಬ ಸಹಾಯಕ ಕೇಬಲ್ಲಿನ ಎಳೆಗಳನ್ನು ಬಿಡಿಸಿ ಹಿಡಿದಿದ್ದ, ಇನ್ನೊಬ್ಬ ಗ್ಯಾಸಿನ ಬೆಂಕಿ ಹಿಡಿದಿದ್ದ. ಗುಂಡಿಯ ಅಂಚಿನಲ್ಲಿ ಮಡಚುವ ಕುರ್ಚಿಯ ಮೇಲೆ ಪರೀಕ್ಷಕರು. ಭಾರಿ ಆಳು, ಮಾತು ಕಮ್ಮಿ. ಕೇಬಲ್ಲಿನ ತಿರುಳನ್ನು ಒಮ್ಮೆ ಬಿಚ್ಚಿದರೆ ಮುಚ್ಚುವ ತನಕ ಏಳುವಂತಿಲ್ಲ, ಧೂಳು ಬೀಳುವಂತಿಲ್ಲ, ಒಂದು ಹನಿ ನೀರು ಸೋಕಿದರೂ ಮುಗಿಯಿತು.

ಮಧ್ಯಾಹ್ನ ಕಳೆದಿತ್ತು. ನಾನು ಕಿಟಕಿಯಲ್ಲಿ ಒಂದು ಕಣ್ಣಿಟ್ಟು, ಲಾರಿ ಯಜಮಾನರೊಬ್ಬರ ಟಾರ್ಪಾಲಿಗೆ ಹಗ್ಗ ತೂರಿಸುವ ಲೋಹದ ಕಣ್ಣು ಕೂರಿಸುತ್ತಿದ್ದೆ. ಜಗುಲಿಯಲ್ಲಿ ಇವರು. ಕಣ್ಣು ಎಂದಿನಂತೆ ಮೇಲೆ. ಇದ್ದಕ್ಕಿದ್ದಂತೆ ಕುರ್ಚಿ ಕಿರುಗುಟ್ಟಿತು.

"ಏಯ್ ಹೆಗ್ಗಣ! ಮಳೆ ಬರ್ತಿದೆ!"

ಗುಂಡಿಯಿಂದ ಅವಳ ದನಿ ಬಂತು: "ಬಿಸಿಲಿದೆಯಲ್ಲ ಮಾವ!"

"ಬಿಸಿಲನ್ನ ನಂಬ್ಬೇಡ! ಮೂಲೇಲಿ ಕಪ್ಪಗಾಗಿದೆ. ಗಾಳಿ ತಿರುಗಿದೆ, ತಂತಿ ಹಾಡ್ತಿದೆ ಕೇಳು!"

ನಾನೂ ಕೇಳಿಸಿಕೊಂಡೆ, ತಂತಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಅವಳು ಉತ್ತರ ಕೊಡುವುದರೊಳಗೆ ಗಾಳಿ ಬೀದಿಯ ಆ ತುದಿಯಿಂದ ನುಗ್ಗಿತು. ಹಳದಿ ಗುಡಾರ ಒಮ್ಮೆ ಉಬ್ಬಿತು, ಗೂಟಗಳನ್ನು ಕಿತ್ತುಕೊಂಡು ಎದ್ದಿತು, ಮೇಷ್ಟ್ರ ಮನೆಯ ಮಹಡಿಯ ಮೇಲೆ ಹೋಗಿ ಕುಳಿತಿತು. ಗುಂಡಿಯಲ್ಲಿ ಸೊಸೆ ತೆರೆದ ಕೇಬಲ್ಲಿನ ಮೇಲೆ ಬೆನ್ನು ಬಗ್ಗಿಸಿ ಅಡ್ಡ ಕೂತಿದ್ದಳು. ಬಿಳಿ ತಿರುಳು ಬರಿಮೈಯಲ್ಲಿತ್ತು.

ಪರೀಕ್ಷಕರು ಆಕಾಶ ನೋಡಿದರು, ಗಡಿಯಾರ ನೋಡಿದರು. "ನೀರು ಬಿದ್ರೆ ನಾನೇನೂ ಮಾಡೋ ಹಾಗಿಲ್ಲಮ್ಮ," ಅಂದರು. ಕೆಟ್ಟವರಲ್ಲ, ಅವರ ಮುಖವೂ ಬಾಡಿತ್ತು.

ನಾನು ಜಗುಲಿಗೆ ಓಡಿ ಬಂದೆ. ಇವರು ಅಂದರು, "ನೋಡಿದ್ಯಾ? ನೆಲದೊಳಗೆ ಗಾಳಿ ಬರಲ್ಲ, ಮಳೆ ಬರಲ್ಲ ಅಂತಿದ್ಲಲ್ಲ! ಹೋಗ್ಲಿ, ಮುಚ್ಚಿಟ್ಟು ನಾಳೆ ಮಾಡ್ಕೊಳ್ಳಕ್ಕೆ ಹೇಳು."

"ನಾಳೆ ಅನ್ನೋದಿಲ್ಲ ಕಣ್ರೀ!" ಎಂದು ನಾನು ಕಿರುಚಿದೆ. ಇಷ್ಟು ದಿನ ಕಟ್ಟಿ ಹಿಡಿದದ್ದು ಒಂದೇ ಉಸಿರಿನಲ್ಲಿ ಹೊರಬಿತ್ತು. "ಇದು ಪರೀಕ್ಷೆ! ಕೆಟ್ರೆ ಅವಳನ್ನ ದೂರದ ಗೋದಾಮಿಗೆ ಹಾಕ್ತಾರೆ! ಅವನೂ ಹೋಗ್ತಾನೆ! ಆಮೇಲೆ ನೀವು, ನಾನು, ನಿಮ್ಮ ಕಾಗೆ!"

ಇವರ ಕಣ್ಣು ಆಕಾಶದಿಂದ ಗುಂಡಿಗೆ ಇಳಿಯಿತು.

"ಗೋದಾಮಿಗಾ? ನಮ್ಮ ಹೆಗ್ಗಣಾನಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ನೀವು ಆಕಾಶ ನೋಡ್ತಿದ್ರಲ್ಲ!"

ಅವರು ಎದ್ದು ನಿಲ್ಲಲು ಹೋದರು, ಪ್ಲಾಸ್ಟರ್ ಬಿಡಲಿಲ್ಲ. ಕುರ್ಚಿಯ ಕೈ ಹಿಡಿದು ಒಮ್ಮೆ ಆ ಕಂಬ ನೋಡಿದರು, ಒಮ್ಮೆ ಈ ಕಂಬ ನೋಡಿದರು. ಒಂದು ನಮ್ಮ ಗೇಟಿನ ಪಕ್ಕ, ಇನ್ನೊಂದು ಪಕ್ಕದ ಮನೆಯ ಆಚೆ ಮಗ್ಗುಲಿಗೆ. ಗುಂಡಿ ನಟ್ಟನಡುವೆ.

"ಆ ಲಾರಿ ಟಾರ್ಪಾಲು ಮುಗೀತಾ?" ಅಂದರು. ದನಿಯೇ ಬೇರೆ, ಕೆಲಸದ ದನಿ.

"ಕಣ್ಣು ಕೂರ್ಸಾಯ್ತು."

"ಹಗ್ಗ ತಗೋ, ಏಣಿ ತಗೋ. ಈ ಕಂಬದಿಂದ ಆ ಕಂಬಕ್ಕೆ ಹಗ್ಗ ಎಳೆದು ಟಾರ್ಪಾಲು ಹೊದಿಸೋಣ. ಮಗನ್ನ ಕರಿ, ಹತ್ಲಿ."

ಮಗ ಅಂಗಡಿಯಿಂದ ಓಡಿ ಬಂದಿದ್ದ. ಏಣಿ ನೋಡಿದ, ಬೆವರಿದ. ಮೂರನೇ ಮೆಟ್ಟಿಲಿಗೆ ಕಾಲಿಡುವುದರೊಳಗೆ ಮುಖ ಹಾಲಿನಂತಾಯಿತು. ಇವನು ಬಿದ್ದರೆ ಇನ್ನೊಂದು ಪ್ಲಾಸ್ಟರ್. ಸಹಾಯಕರಿಬ್ಬರ ಕೈಯೂ ಗುಂಡಿಯಲ್ಲಿ ಕಟ್ಟಿಹೋಗಿತ್ತು. ಪರೀಕ್ಷಕರನ್ನು ಹತ್ತಿಸಿದರೆ ಏಣಿ ಉಳಿಯುತ್ತಿರಲಿಲ್ಲ.

"ಇಳಿಯೋ ಮಾರಾಯ! ಏಣಿ ಹಿಡ್ಕೋ ಸಾಕು!" ಎಂದು ಸೆರಗು ಸೊಂಟಕ್ಕೆ ಬಿಗಿದು ನಾನೇ ಹತ್ತಿದೆ.

ಹುಟ್ಟಿದಾರಭ್ಯ ಕಂಬ ಹತ್ತಿದವಳಲ್ಲ. ಆದರೆ ಜೀವಮಾನವಿಡೀ ಕೆಳಗೆ ನಿಂತು ನೋಡಿದ್ದೇನೆ.

"ಕಬ್ಬಿಣದ ತಗಡಿದೆ ನೋಡು, ಕಂಬದ ನಂಬರು ಬರ್ದಿರೋದು," ಎಂದು ಜಗುಲಿಯಿಂದ ಇವರು ಕೂಗಿದರು. "ಅದಕ್ಕಿಂತ ಒಂದು ಗೇಣು ಮೇಲೆ ಹೋದ್ರೂ ನಾನು ನಿನ್ನ ಮಾತಾಡ್ಸಲ್ಲ! ಮೇಲೆ ಜೀವ ಇರೋ ತಂತಿ!"

"ಮಾತಾಡ್ಸದೇ ಇದ್ರೆ ಪುಣ್ಯ ಬಂತು! ಗಂಟು ಹೇಳಿ!"

"ಗಂಟು ನಿಂಗೆ ಗೊತ್ತು! ಲಾರಿಗೆ ದಿನಾ ಹಾಕ್ತೀಯಲ್ಲ, ಅದೇ!"

ಹೌದಲ್ಲ. ಎರಡು ಸುತ್ತು, ಒಂದು ಒಳಗೆ, ಎಳೆದಷ್ಟೂ ಬಿಗಿ. ಮದುವೆಯಾದ ಹೊಸದರಲ್ಲಿ ಇವರೇ ಕಲಿಸಿದ ಗಂಟು. ಲೈನ್‌ಮನ್ನಿನ ಗಂಟು ಎಂದು ಅಷ್ಟು ವರ್ಷಗಳಿಂದ ನೆನಪೇ ಇರಲಿಲ್ಲ, ನನ್ನದೇ ಅಂದುಕೊಂಡಿದ್ದೆ. ಹಾಕಿದೆ, ಜಗ್ಗಿದೆ, ಕೂತಿತು. ಇಳಿದೆ. ಮಗ ಕಣ್ಣು ಮುಚ್ಚಿಕೊಂಡೇ ಏಣಿಯನ್ನು ಎರಡನೇ ಕಂಬಕ್ಕೆ ಹೊತ್ತು ತಂದ, ಕಣ್ಣು ಮುಚ್ಚಿಕೊಂಡೇ ಹಿಡಿದ. ಅಲ್ಲೂ ಹತ್ತಿದೆ. ಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬೀದಿಯೆಲ್ಲ ಕಾಣುತ್ತಿತ್ತು, ಎಲ್ಲರ ಮಾಳಿಗೆ, ಒಣಹಾಕಿದ ಬಟ್ಟೆ, ಬಾಯಿ ತೆರೆದು ನಿಂತ ಮೇಷ್ಟ್ರು. ಇಷ್ಟು ಚೆನ್ನಾಗಿರುತ್ತದೆಂದು ಈ ಮನುಷ್ಯ ಒಂದು ದಿನವಾದರೂ ಹೇಳಿದ್ದರೆ! ಅಂಥ ಹೊತ್ತಿನಲ್ಲೂ ನನಗೆ ಖುಷಿಯಾಯಿತು, ಏನು ಮಾಡಲಿ.

"ನೋಡ್ತಾ ನಿಂತ್ಯಾ? ಇಳಿಯೇ!"

ಟಾರ್ಪಾಲನ್ನು ಹಗ್ಗದ ಮೇಲೆ ಎಸೆಯಲು ಬೀದಿಯೇ ಓಡಿ ಬಂತು. ಹೂಂ ಅಂದವರೆಲ್ಲ ಬಂದರು. ಇವರು ಕುಳಿತಲ್ಲಿಂದಲೇ ಕೈ ಬೀಸಿ ಅಪ್ಪಣೆ ಕೊಟ್ಟರು: ಈ ಮೂಲೆ ಗೇಟಿಗೆ, ಆ ಮೂಲೆ ಕಿಟಕಿಯ ಸರಳಿಗೆ, ಗಾಳಿಯ ಕಡೆ ತಗ್ಗಿಸಿ, ಈ ಕಡೆ ಎತ್ತಿ. ಮೇಷ್ಟ್ರು ಒಂದು ಮೂಲೆ ಕಟ್ಟುವ ಹಗ್ಗ ಸಾಲದೆ ತಮ್ಮ ಸೊಂಟದ ಬೆಲ್ಟು ಬಿಚ್ಚಿ ಕೊಟ್ಟರು. ಕೊನೆಯ ಮೂಲೆ ಬಿಗಿಯುವುದಕ್ಕೂ ಮಳೆ ದಬದಬ ಸುರಿಯುವುದಕ್ಕೂ ಸರಿಹೋಯಿತು.

ಇನ್ನು ಬೀದಿಯಲ್ಲಿ ಹರಿಯುವ ನೀರು. "ಮಣ್ಣಿನ ಚೀಲ ಅಡ್ಡ ಹಾಕ್ರೋ!" ಎಂದು ಇವರು ಕೂಗಿದರು. ಚೀಲ ಸಾಲದೆ ಹೋದಾಗ ದಿಂಬುಗಳು ಬಂದವು. ಒಂದು ದಿಂಬು ನನ್ನದು, ಗುರುತು ಸಿಕ್ಕಿತು, ಆದರೆ ಬೈಯಲು ಪುರುಸೊತ್ತಿರಲಿಲ್ಲ.

ಟಾರ್ಪಾಲಿನಡಿ ಬಗ್ಗಿ ನೋಡಿದೆ. ಮೇಲೆ ಮಳೆ ಡೋಲು ಬಾರಿಸುತ್ತಿದ್ದರೂ ಒಳಗೆ ಒಂದು ಹನಿಯಿಲ್ಲ. ನನ್ನ ಜೋಡಿ ಹೊಲಿಗೆ ಹನಿ ಬಿಡುವುದುಂಟೇ! ಸೊಸೆ ಕೈಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡಳು, ಬಿಳಿ ತಿರುಳನ್ನು ಇನ್ನೊಂದು ಬಟ್ಟೆಯಲ್ಲಿ ಒರೆಸಿದಳು, ಮೊದಲೇ ತೊಡಿಸಿಟ್ಟಿದ್ದ ಕೊಳವೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಒಂದು ಕೊಳವೆಯನ್ನು ಜಾರಿಸಿ ಬೆಂಕಿ ತೋರಿಸಿದಳು. ಅದು ಮೆಲ್ಲಗೆ ಕುಗ್ಗಿ ಮೈಗಂಟಿಕೊಂಡಿತು. ತಲೆಯೆತ್ತಲಿಲ್ಲ. ಮಳೆ ಬಂದು ಹೋದದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ.

ಎಲ್ಲ ಮುಗಿದು ಅವಳು ಗುಂಡಿಯಿಂದ ಮೇಲೆ ಬರುವಾಗ ಮತ್ತೆ ಬಿಸಿಲು. ಎದ್ದು ನಿಂತವಳು ಟಾರ್ಪಾಲಿನ ಹಗ್ಗಕ್ಕೆ ಹಣೆ ಹೊಡೆಸಿಕೊಂಡಳು. ಆಗ ಮೊದಲ ಸಲ ಮೇಲೆ ನೋಡಿದಳು. ಹಗ್ಗದ ಗುಂಟ ಈ ಕಂಬದ ತನಕ ನೋಡಿದಳು, ಆ ಕಂಬದ ತನಕ ನೋಡಿದಳು.

"ಯಾರು ಕಟ್ಟಿದ್ದು?" ಎಂದು ಪರೀಕ್ಷಕರು ಕೇಳಿದರು.

"ನಮ್ಮ ಮಾವನ ಕಂಬ, ನಮ್ಮತ್ತೆಯ ಟಾರ್ಪಾಲು," ಅಂದಳು, ಹಣೆ ಉಜ್ಜಿಕೊಳ್ಳುತ್ತಾ.

ಲಾರಿ ಯಜಮಾನರು ಅದೇ ಹೊತ್ತಿಗೆ ಬಂದು, "ನನ್ನ ಟಾರ್ಪಾಲು ಇಲ್ಯಾಕಿದೆ?" ಅಂದರು. "ಸೋರುತ್ತಾ ಇಲ್ವಾ ಅಂತ ಪರೀಕ್ಷೆ ಮಾಡಿದ್ವಿ. ಪಾಸಾಗಿದೆ, ತಗೊಂಡು ಹೋಗಿ," ಅಂದೆ. ಮೇಷ್ಟ್ರ ಬೆಲ್ಟೂ ಅದರ ಜೊತೆಗೇ ಹೋಯಿತು.

ಟಾರ್ಪಾಲು ಪಾಸಾಯಿತು, ಸರಿ. ಸೊಸೆ?

ಮರುದಿನ ಬೆಳಿಗ್ಗೆ ಪರೀಕ್ಷೆಯ ವ್ಯಾನು ಬಂದು ಬೀದಿಯ ತುದಿಯಲ್ಲಿ ನಿಂತಿತು. ಕೇಬಲ್ಲಿನೊಳಗೆ ಮಾಮೂಲಿಗಿಂತ ಎಷ್ಟೋ ಜೋರಾದ ಕರೆಂಟು ಹಾಯಿಸಿ ನೋಡುತ್ತಾರಂತೆ. ಜೋಡಣೆಯಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಅದು ತಾಳುವುದಿಲ್ಲ. ಸೊಸೆ ವ್ಯಾನಿನ ಬಳಿ ನಿಂತಿದ್ದಳು. ನಮ್ಮನ್ನು ಹತ್ತಿರ ಬಿಡಲಿಲ್ಲ.

ಅದೇ ಹೊತ್ತಿಗೆ ಬೀದಿ ದೀಪದ ಹೊಸ ಕಂಬಗಳನ್ನು ಇಳಿಸಿ ಹೋಗಿದ್ದರು. ಹೌದು, ಕಂಬಗಳೇ! ನೆಲದಡಿಯ ತಂತಿ ಈ ಟೊಳ್ಳು ಕಂಬಗಳ ಹೊಟ್ಟೆಯೊಳಗಿಂದ ಮೇಲೇರಿ ದೀಪ ಸೇರುತ್ತದಂತೆ. ಅವತ್ತಿನ ಪ್ರಶ್ನೆಗೆ ಸೊಸೆಯ ಉತ್ತರ ಕೊನೆಗೂ ಬಂದಿತ್ತು. ಒಂದು ಕಂಬ ನಮ್ಮ ಮನೆಯ ಮುಂದೆ ಉದ್ದಕ್ಕೆ ಮಲಗಿತ್ತು. ಇವರಿಗೆ ಜೀವ ನಿಲ್ಲಬೇಕಲ್ಲ! ಮಣೆಯೊಂದನ್ನು ಹಾಕಿಸಿಕೊಂಡು, ಪ್ಲಾಸ್ಟರ್ ಕಾಲು ಚಾಚಿ, ಆ ಕಂಬದ ಒಂದು ತುದಿಯಲ್ಲಿ ಕುಳಿತು ಅದರೊಳಗೆ ಕಣ್ಣಿಟ್ಟರು. "ಒಳಗೆ ಚೊಕ್ಕಟವಾಗಿದೆಯಾ ನೋಡ್ಬೇಕು, ಇಲ್ದಿದ್ರೆ ತಂತಿ ಸಿಕ್ಕಿಕೊಳ್ಳುತ್ತೆ," ಅಂದರು. ನಾನು ಕಂಬದ ಮಧ್ಯದಲ್ಲಿ ನಿಂತು ವ್ಯಾನನ್ನೇ ನೋಡುತ್ತಿದ್ದೆ.

ವ್ಯಾನಿನ ಬಾಗಿಲು ತೆರೆಯಿತು. ಪರೀಕ್ಷಕರು ಏನೋ ಹೇಳಿದರು. ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಓಡಿ ಬಂದಳು. ನನ್ನ ಕಡೆಗೆ ಓಡಿ ಬರುತ್ತಿದ್ದಾಳೆ ಎಂದು ನಾನು ಕೈ ಚಾಚಿದರೆ, ಕಂಬದ ಆ ತುದಿಯಲ್ಲೇ ಮಂಡಿಯೂರಿ ಕುಳಿತು, ಅದರ ಬಾಯಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ನನಗೆ ಕೇಳಿಸಿದ್ದು ಕಬ್ಬಿಣದ ಗುಂಯ್ ಮಾತ್ರ.

"ಏನಂತೆ? ರೀ, ಏನಂತೆ?"

ಇವರು ನನಗೆ ಉತ್ತರ ಕೊಡದೆ ಕಂಬದೊಳಗೆ ಕೂಗಿದರು. "ಇನ್ನೊಂದ್ಸಲ ಹೇಳೇ ಹೆಗ್ಗಣ!"

"ಪಾಸು ಕಾಗೆ ಮಾವಾ! ಪಾಸು!"

ಈ ಸಲ ಬೀದಿಗೆಲ್ಲ ಕೇಳಿಸಿತು. ಮಹಡಿಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿದ್ದ ಮೇಷ್ಟ್ರು ಚಪ್ಪಾಳೆ ತಟ್ಟಲು ಹೋಗಿ ಸಾವರಿಸಿಕೊಂಡರು. ನನ್ನ ಕಣ್ಣಿಂದ ನೀರು ದಳದಳ ಇಳಿಯಿತು, ಜೊತೆಗೇ ಮೈಯೆಲ್ಲ ಉರಿಯಿತು. ಕಂಬ ಹತ್ತಿದವಳು ನಾನು, ಗುಟ್ಟು ಕಾಪಾಡಿದವಳು ನಾನು, ದಿಂಬು ಕಳೆದುಕೊಂಡವಳು ನಾನು. ಮೊದಲ ಸುದ್ದಿ ಆ ಮನುಷ್ಯನಿಗಾ?

ಇವರು ಕಣ್ಣು ತೆಗೆಯದೆ ಕೂತೇ ಇದ್ದರು. "ಕಾಣ್ತಿದಾಳೆ ಕಣೇ," ಅಂದರು ಮೆತ್ತಗೆ. "ಮುಖ ಪೂರ್ತಿ ಕಾಣ್ತಿದೆ. ನಮ್ಮ ಹುಡುಗಿ ಎಷ್ಟು ಚೆನ್ನಾಗಿದಾಳಲ್ಲೇ! ಇಷ್ಟು ದಿನ ನಾನು ಸರಿಯಾಗಿ ನೋಡೇ ಇಲ್ಲ."

"ಸರೀರೀ ಆಚೆಗೆ, ನಾನೂ ನೋಡ್ಬೇಕು!" ಎಂದು ಅವರನ್ನು ತಳ್ಳಿ ಬಗ್ಗಿ ಕಣ್ಣಿಟ್ಟೆ. ಕತ್ತಲೆಯ ಆ ಕೊನೆಯಲ್ಲಿ ಬಳೆಯಷ್ಟು ಬೆಳಕು. ಬೆಳಕಿನ ತುಂಬ ಅವಳ ಮುಖ, ಕನ್ನಡಕ ಓರೆಯಾಗಿತ್ತು, ಮೂಗಿನ ಮೇಲೆ ಮಣ್ಣು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಅತ್ತೆ ಬಂದಿದೀನಿ," ಅಂದೆ. "ನಂಗೇನೂ ಹೇಳೋದಿಲ್ವಾ?"

ಅವಳು ಕನ್ನಡಕ ನೆಟ್ಟಗೆ ಮಾಡಿಕೊಂಡಳು.

"ಅತ್ತೆ, ನಾನೆಲ್ಲೂ ಹೋಗಲ್ಲ. ತುಂಬಾ ಹಸಿವಾಗ್ತಿದೆ."

ನಾನು ಕಣ್ಣೊರೆಸಿಕೊಂಡು ಕಂಬಕ್ಕೆ ಬಾಯಿ ಹಚ್ಚಿದೆ.

"ಕೈ ತೊಳ್ಕೊಂಡು ಬಾ."